ಕಣ್ಣಳತೆಯ ಫ್ರಾಕು

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು ಈ ದರ್ಜಿಯ ಮಂಚ ನೋಡಿದ್ದರೆ ಗಾದೆಯನ್ನೇ ತಿದ್ದುತ್ತಿದ್ದರು. ಆರು ಜನರ ಕೋಣೆ, ಒಂದರ ಮೇಲೊಂದು ಮಂಚ. ಅವನದು ಮೇಲಿನದು. ಕಾಲು ಚಾಚಿದರೆ ಪಾದ ಆಚೆ, ಎದ್ದು ಕೂತರೆ ತಲೆ ತಾರಸಿಗೆ. ಪರದೇಶದಲ್ಲಿ ಎರಡು ವರ್ಷಕ್ಕೊಮ್ಮೆ ಸಿಗುವ ಇಪ್ಪತ್ತು ದಿನದ ರಜೆಯನ್ನು ಪುಣ್ಯಾತ್ಮ ಆ ಮಂಚದ ಮೇಲೇ ಕಳೆಯಲು ಹೊರಟಿದ್ದ.

ಊರಿಗೆ ಹೋಗಲು ಮನಸ್ಸಿಲ್ಲವೆಂದಲ್ಲ. ಬಿಟ್ಟು ಬಂದಾಗ ಮಗಳಿಗೆ ಆರು, ಈಗ ಹತ್ತು. ಆದರೆ ವಿಮಾನದ ಖರ್ಚು ಉಳಿದರೆ ಊರಲ್ಲಿ ಅರ್ಧಕ್ಕೆ ನಿಂತ ಎರಡು ಕೋಣೆಯ ಮನೆಗೆ ತಾರಸಿ ಬೀಳುತ್ತದೆ. ಇದೊಂದು ಸಲ ಬೇಡ ಎಂದು ಗಂಡ ಹೆಂಡತಿ ಫೋನಿನಲ್ಲೇ ತೀರ್ಮಾನಿಸಿದ್ದರು. ಹೋದ ಸಲವೂ ಇದೊಂದು ಸಲ ಎಂದೇ ಅಂದಿದ್ದರು. ಮಗಳಿಗೆ ಮಾತ್ರ ಅಪ್ಪನಿಗೆ ರಜಾ ಸಿಗಲಿಲ್ಲ ಎಂದು ಹೇಳಿದ್ದಾಯಿತು. ಹುಡುಗಿ ಅಪ್ಪನ ಮಾಲೀಕನಿಗೆ ಬಾಯಿಗೆ ಬಂದಂತೆ ಬೈದಳು. ಪಾಪ, ಆತ ರಜೆ ಕೊಟ್ಟೇ ಕೊಟ್ಟಿದ್ದ.

ಮೊದಲೆರಡು ದಿನ ದರ್ಜಿ ಹತ್ತಿರದ ಪಾರ್ಕಿನಲ್ಲಿ ಕೂತ, ಬಸ್ಸು ಹತ್ತಿ ಕೊನೆಯ ಸ್ಟಾಪಿನ ತನಕ ಹೋಗಿ ಅದೇ ಬಸ್ಸಿನಲ್ಲಿ ವಾಪಸು ಬಂದ. ಮೂರನೆಯ ದಿನ ಕಾಲು ತಾನಾಗಿ ಅಂಗಡಿಯ ದಾರಿ ಹಿಡಿಯಿತು. ಮಾಲೀಕನನ್ನು ಕೇಳಿ, ತನ್ನದೇ ಮಷೀನಿನ ಮುಂದೆ ಕೂತು, ಮಗಳಿಗೆ ಹಳದಿ ಫ್ರಾಕು ಹೊಲಿಯಲು ಶುರುಮಾಡಿದ.

ಪ್ರತಿ ವರ್ಷ ಅವಳ ಹುಟ್ಟಿದ ದಿನಕ್ಕೆ ಒಂದು ಫ್ರಾಕು ಕಳಿಸುವುದು ಅವನ ಪದ್ಧತಿ. "ಅಳತೆ ಕಳಿಸ್ಲಾ?" ಎಂದು ಹೆಂಡತಿ ಕೇಳಿದರೆ ಅವನಿಗೆ ಮೂಗಿನ ಮೇಲೆ ಕೋಪ. "ನನ್ನ ಮಗಳಿಗೆ ನಾನು ಟೇಪು ಹಿಡೀಬೇಕಾ? ಕಣ್ಣಳತೆ ಸಾಕು" ಎನ್ನುತ್ತಿದ್ದ. ಫೋನಿನಲ್ಲಿ ಮಗಳನ್ನು ಬಾಗಿಲ ಪಕ್ಕ ನಿಲ್ಲಿಸಿ, ತಲೆ ಚಿಲಕದವರೆಗೆ ಬಂತೋ ಇಲ್ಲವೋ ನೋಡಿ ಉದ್ದ ಹಿಡಿಯುತ್ತಿದ್ದ. ಸುತ್ತಳತೆಗೆ ವರ್ಷಕ್ಕೊಂದು ಇಂಚು ಸೇರಿಸಿದರೆ ಮುಗಿಯಿತು. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅಂತಾರೆ. ಇವನು ಪ್ರತ್ಯಕ್ಷ ಕಂಡೇ ನಾಲ್ಕು ವರ್ಷವಾಗಿತ್ತು.

ಕೆಳಗಿನ ಮಂಚದ ಅಡುಗೆಯಣ್ಣ, ಅವನ ಊರಿನವನೇ, ಅದೇ ವಾರ ಊರಿಗೆ ಹೊರಟಿದ್ದ. ಪೊಟ್ಟಣ ಕೈಗೆ ತೆಗೆದುಕೊಂಡು, "ಫ್ರಾಕಿನ ಬದಲು ನೀನೇ ಬರಬಾರದೇನೋ?" ಎಂದ.

"ಮುಂದಿನ ಸಲ ಬರ್ತೀನಣ್ಣ. ಜೋಪಾನ, ಮುದುರಿ ಹೋಗದ ಹಾಗೆ ಇಟ್ಕೊಳ್ಳಿ." ಮಗಳಿಗೆ ರಜೆಯ ವಿಷಯ ಹೇಳಬೇಡಿ ಎನ್ನುವುದನ್ನೇ ಅವನು ಮರೆತ.

ಹುಟ್ಟಿದ ದಿನ ಫೋನು ಬಂತು. ಹಳದಿ ಫ್ರಾಕು ತೊಟ್ಟ ಮಗಳು ಎರಡು ಕೈಯೂ ಮೇಲೆತ್ತಿ ಗಿರ್ರನೆ ತಿರುಗಿದಳು. ದರ್ಜಿಯ ಕಣ್ಣು ಪಕ್ಕದ ಹೊಲಿಗೆಯ ಮೇಲೆ ನಿಂತಿತು. ಎರಡೂ ಬದಿಗೆ ಬೇರೆ ಬಟ್ಟೆಯ ಪಟ್ಟಿ. ಕೈಹೊಲಿಗೆ, ಅದೂ ಸೊಟ್ಟ.

"ಯಾರು ಬಿಚ್ಚಿದ್ದು ಅದನ್ನ?"

ಹೆಂಡತಿ ಪಕ್ಕಕ್ಕೆ ಬಂದು ಮೆಲ್ಲಗೆ ಅಂದಳು, "ಪ್ರತಿ ವರ್ಷಾನೂ ಹೀಗೇ ರೀ. ಒಂದೂ ಅವಳ ಮೈಗೆ ಆಗಿಲ್ಲ, ನಾನೇ ಬಿಚ್ಚಿ ಪಟ್ಟಿ ಸೇರಿಸ್ತಿದ್ದೆ. ನಿಮಗೆ ಬೇಜಾರಾಗುತ್ತೆ ಅಂತ ಹೇಳಿರಲಿಲ್ಲ. ಫೋಟೋಗೆ ಕೈ ಕೆಳಗಿಟ್ಟು ನಿಲ್ಲು ಅಂತಿದ್ದೆ."

ಊರವರ ಅಳತೆಯೆಲ್ಲ ಗೊತ್ತಿದ್ದವನಿಗೆ ತನ್ನ ಮಗಳ ಮೈ ಗೊತ್ತಿರಲಿಲ್ಲ. ನಾಲ್ಕು ವರ್ಷವೂ ಅವನು ಹೊಲಿದದ್ದು ಆರು ವರ್ಷದ ಆ ಹುಡುಗಿಗೇ.

"ಅಪ್ಪಾ," ಎಂದಳು ಮಗಳು, "ನಿನಗೆ ರಜಾ ಇದೆಯಂತೆ. ಫ್ರಾಕು ತಂದ ದೊಡ್ಡಪ್ಪ ಹೇಳಿದ್ರು. ನಿಮ್ಮಪ್ಪ ರಜದಲ್ಲೂ ಕೂತು ನಿನಗೇ ಹೊಲಿದ ಕಣಮ್ಮಾ ಅಂತ."

ಹೆಂಡತಿ ತಲೆ ತಗ್ಗಿಸಿದಳು. ದರ್ಜಿ, "ಮನೆ ತಾರಸಿ ಒಂದು ಮುಗೀಲಿ ಅಂತ, ಪುಟ್ಟಿ..." ಎಂದು ಶುರುಮಾಡಿ ಅಲ್ಲೇ ನಿಲ್ಲಿಸಿದ.

ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದ. ಅತ್ತಿದ್ದರೆ ಅವನಿಗೂ ಅಳುವುದಕ್ಕೆ ದಾರಿಯಾಗುತ್ತಿತ್ತು. ಅವಳು ಒಳಗೆ ಹೋಗಿ ಅಮ್ಮನ ಡಬ್ಬಿಯಿಂದ ಟೇಪು ತಂದಳು. ಮೈಗೆ ಸುತ್ತಿಕೊಂಡು, ಬೆರಳಿಟ್ಟು, ಬಗ್ಗಿ ನೋಡಿದಳು.

"ಬರ್ಕೋ ಅಪ್ಪಾ. ಸುತ್ತು ಇಪ್ಪತ್ತೆಂಟು. ಭುಜ ಹನ್ನೆರಡು. ಬರ್ಕೊಂಡ್ಯಾ?"

"ಬರ್ಕೊಂಡೆ." ಅವನ ಕೈಯಲ್ಲಿ ಪೆನ್ನೇ ಇರಲಿಲ್ಲ.

"ಮುಂದಿನ ವರ್ಷದ್ದಕ್ಕೆ ಒಳಗಡೆ ಬಟ್ಟೆ ಜಾಸ್ತಿ ಬಿಡು. ನೀನು ಬರೋ ಹೊತ್ತಿಗೆ ನಾನು ಎಷ್ಟಾಗಿರ್ತೀನೋ. ಬಿಚ್ಚಿ ದೊಡ್ಡದು ಮಾಡೋಕೆ ಅಮ್ಮನಿಗೆ ಸುಲಭ ಆಗುತ್ತೆ."

ಅವನು ಹೂಂ ಎಂದು ಫೋನಿಟ್ಟ. ರಜೆ ಇನ್ನೂ ಒಂಬತ್ತು ದಿನ ಬಾಕಿ ಇತ್ತು.