ಹನ್ನೆರಡು ಕೈಗಳ ಕುಲಾವಿ

ಗೋಕಾಕದ ಕೊರಿಯರಿನವರಿಗೆ ರಾಜೇಶ್ವರಿಯ ಮನೆ ಹುಡುಕಲು ವಿಳಾಸ ಬೇಕಿರಲಿಲ್ಲ. ‘ಟೊಪಗಿ ಬಾಯಾರ ಮನಿ’ ಅಂದರೆ ಸಾಕು, ಓಣಿಯವರೆಲ್ಲ ಕೈ ತೋರಿಸುವರು. ಮುಂದಿನ ಕೋಣೆಯಲ್ಲಿ ಆಕೆ ಬ್ಲೌಸು ಹೊಲಿಯುವ ಅಂಗಡಿ. ಹಿಂದಿನ ಪಡಸಾಲೆಯಲ್ಲಿ ಗಾಜಿನ ಬಾಗಿಲಿನ ಕಪಾಟು, ಅದರ ತುಂಬ ಹಳೆಯ ಟೊಪ್ಪಿಗೆಗಳು. ಕೋಲ್ಕತ್ತದಿಂದ ಬಂದ ದೊರೆಗಳ ಕಾಲದ ಬೆಂಡಿನ ಹ್ಯಾಟು, ಪುಣೆಯ ಯಾವನೋ ವಕೀಲನ ಕೆಂಪು ಪಗಡಿ, ರೈಲ್ವೆ ಗಾರ್ಡನೊಬ್ಬನ ಟೊಪ್ಪಿಗೆ. ಕರಿ ಮಖಮಲ್ಲಿನವೇ ಒಂಬತ್ತು. ಎಲ್ಲವೂ ಮೊಬೈಲಿನಲ್ಲಿ ನೋಡಿ, ಮೊಬೈಲಿನಲ್ಲೇ ಚೌಕಾಸಿ ಮಾಡಿ ತರಿಸಿದ್ದು. ಗಂಡ ದುಂಡಪ್ಪ ಗೊಬ್ಬರದ ಅಂಗಡಿಯವನು. “ಮಂದಿ ಊರಿಗೆಲ್ಲಾ ಟೊಪಗಿ ಹಾಕಿ ರೊಕ್ಕಾ ಗಳಸ್ತಾರ, ನಮ್ಮಾಕಿ ರೊಕ್ಕಾ ಕೊಟ್ಟು ಹಾಕಿಸ್ಕೊಳ್ತಾಳ” ಎಂದು ಗಿರಾಕಿಗಳ ಮುಂದೆ ನಗುತ್ತಿದ್ದ.

ನಗಲಿ. ಹುಚ್ಚಿಗೆ ಕಾರಣ ಕೇಳಬಾರದು. ರಾಜೇಶ್ವರಿಗೆ ಕಣ್ಣಿತ್ತು. ಟೊಪ್ಪಿಗೆಯ ಒಳಮೈ ಮಗುಚಿ ನೋಡಿದರೆ ಅದನ್ನು ಅವಸರದಲ್ಲಿ ಹೊಲಿದಿದ್ದಾರೋ ಅಕ್ಕರೆಯಿಂದ ಹೊಲಿದಿದ್ದಾರೋ ಹೇಳಬಲ್ಲಳು. ಇನ್‌ಸ್ಟಾಗ್ರಾಮಿನಲ್ಲಿ ಆಕೆಯ ಟೊಪ್ಪಿಗೆಗಳನ್ನು ನೋಡಲು ನಾಲ್ಕು ಸಾವಿರ ಮಂದಿ ಇದ್ದರು. ಬಸವ ಜಯಂತಿಯಂದು ಮಹಿಳಾ ಸಂಘದವರು ವೇದಿಕೆಗೆ ಕರೆದಾಗ, ಟೊಪ್ಪಿಗೆ ನೂರು ಬಗೆಯಿದ್ದರೂ ತಲೆ ಒಂದೇ ಬಗೆ ಎಂದು ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ್ದಳು. ಆ ಮಾತನ್ನು ಆಕೆ ಮನಸಾರೆ ನಂಬಿದ್ದಳು. ತೊಂದರೆ ಇದ್ದದ್ದೇ ಅಲ್ಲಿ.

ಈಗಲೂ ಯಾರಾದರೂ ಬಂದರೆ ಕಪಾಟು ತೆರೆದು ಒಂದೊಂದನ್ನೇ ತೋರಿಸುತ್ತಾಳೆ. ಎರಡನೆಯ ಸಾಲಿನ ಮೂಲೆಯಲ್ಲಿರುವ ಒಂದನ್ನು ಮಾತ್ರ ತಾನಾಗಿ ಮುಟ್ಟುವುದಿಲ್ಲ.

ಕಳೆದ ಶ್ರಾವಣದಲ್ಲಿ ಸಂಕೇಶ್ವರದ ಸ್ವಪ್ನಿಲ್ ಎಂಬಾತ ಆನ್‌ಲೈನಿನಲ್ಲಿ ಒಂದು ಕುಲಾವಿಯ ಫೋಟೊ ಹಾಕಿದ್ದ. ಹಳೆಯ ಮನೆಗಳ ಸಾಮಾನು ಕೊಂಡು ಮಾರುವುದು ಅವನ ಕಸುಬು. ಕುಲಾವಿಯೆಂದರೆ ಕೂಸಿನ ಟೊಪ್ಪಿಗೆ, ಗದ್ದದ ಕೆಳಗೆ ಗಂಟು ಹಾಕಲು ಎರಡು ಕಸಿ. ಹೊರಗೆ ಮಾಸಿದ ಕೆಂಪು ಖಣದ ಬಟ್ಟೆ, ಅಂಚಿಗೆ ಸಣ್ಣ ಮಣಿಗಳು. ರಾಜೇಶ್ವರಿ ಅವತ್ತೇ ಕೊಂಡಳು. ಪೊಟ್ಟಣ ಬಂದಾಗ ಒಳಮೈ ಮಗುಚಿದರೆ, ಅಲ್ಲಿ ಹನ್ನೆರಡು ಸಣ್ಣ ಅರಿವೆಯ ತುಂಡುಗಳು, ಒಂದರಂತೆ ಒಂದಿಲ್ಲ. ಇಳಕಲ್ ಸೀರೆಯ ಸೆರಗಿನದೊಂದು, ರೇಷ್ಮೆಯದೊಂದು, ಹೊಲಕ್ಕೆ ಉಡುವ ಒರಟು ಹಸಿರು ನೂಲಿನದೊಂದು. ಯಾಕೆ ಹಚ್ಚಿದ್ದಾರೆಂದು ಅವಳಿಗೆ ತಿಳಿಯಲಿಲ್ಲ. ತಿಳಿಯದೆಯೇ ಫೋಟೊ ತೆಗೆದು ಹಾಕಿದಳು, ನೋಡಿದವರೆಲ್ಲ ಹೊಗಳಿದರು.

ಹತ್ತು ದಿನ ಕಳೆದಿರಬೇಕು, ಎಪ್ಪತ್ತು ದಾಟಿದ ಮುದುಕಿಯೊಬ್ಬಳು ಮಗನನ್ನು ಕರೆದುಕೊಂಡು ಬಾಗಿಲಿಗೆ ಬಂದಳು. ಹತ್ತರಗಿಯ ಕೆಂಪವ್ವ. ಮಗ ಸಾತಪ್ಪ ಬಸ್ ಕಂಡಕ್ಟರ್. ಕೂತುಕೊಳ್ಳಿರೆಂದರೂ ಅವನು ಹೊಸ್ತಿಲ ಬಳಿಯೇ ನಿಂತ.

“ನೀವು ಫೋನಿನ್ಯಾಗ ಹಾಕಿದ ಕುಲಾವಿ ಐತೆಲ್ರಿ ಅಕ್ಕಾರ, ಅದು ನಮಗ ಗೊತ್ತಿದ್ದದ್ರಿ,” ಎಂದಳು ಕೆಂಪವ್ವ. “ಮೊಮ್ಮಗಳು ಆಮ್ರಪಾಲಿ ತೋರಿಸಿದ್ಲು.”

ಆಮೇಲೆ ಎಲ್ಲ ಹೇಳಿದಳು. ಆ ಕುಲಾವಿ ಯಾರ ಸ್ವಂತದ್ದೂ ಅಲ್ಲ. ಕೂಸುಗಳು ಉಳಿಯದ ಮನೆಯವರು, ದಿನ ತುಂಬದೆ ಹೆತ್ತ ಮನೆಯವರು ಅದನ್ನು ಕೇಳಿ ಒಯ್ಯುತ್ತಾರೆ. ಕೂಸು ಗಟ್ಟಿಯಾದ ಮೇಲೆ ಆ ಮನೆಯ ಹೆಣ್ಣುಮಗಳು ತನ್ನ ಸೀರೆಯದೊಂದು ತುಂಡನ್ನು ತನ್ನ ಕೈಯಾರೆ ಒಳಗೆ ಹಚ್ಚಿ, ಮುಂದೆ ಕೇಳಿದವರಿಗೆ ಕೊಡುತ್ತಾಳೆ. ಹಾಗೆ ಮಮದಾಪುರ, ಮೂಡಲಗಿ, ಹುಕ್ಕೇರಿ ಎಂದು ಮನೆಯಿಂದ ಮನೆಗೆ ತಿರುಗಿತ್ತು. ಕೊನೆಗೆ ಇದ್ದದ್ದು ಹುಕ್ಕೇರಿಯ ಸುಂದ್ರವ್ವನ ಮನೆಯಲ್ಲಿ. ಸುಂದ್ರವ್ವ ತೀರಿಕೊಂಡ ಮೇಲೆ ಮನೆಯವರು ಹಳೆಯ ಸಾಮಾನಿನ ಜೊತೆ ಅದನ್ನೂ ಮಾರಿದ್ದರು.

“ಕೇಳಾಕ ಬಂದವರ ಜಾತಿ ಕೇಳೂ ಪದ್ಧತಿ ಇಲ್ರಿ ಅದಕ್ಕ. ಗೌಡ್ರ ಮನಿಯಿಂದ ನಮ್ಮನಿಗಿ ಬಂದಿತ್ತು, ನಮ್ಮನಿಯಿಂದ ಮತ್ತ ಅವರ ಬೀಗರ ಮನಿಗಿ ಹೋತು. ಇಂವಾ ಸಾತಪ್ಪ ಅದನ್ನ ಹಾಕ್ಕೊಂಡ ಉಳದಾಂವ. ಇವಗಿಂತ ಮದ್ಲ ಮೂರು ಹೋಗಿದ್ದೂ. ಈಗ ಇವನ ಮಗಳು ಆಮ್ರಪಾಲಿ ಏಳು ತಿಂಗಳಿಗೇ ಹಡದಾಳ್ರಿ. ಕೂಸು ಇಲ್ಲೇ ಗೋಕಾಕ ದವಾಖಾನ್ಯಾಗ ಕಾಜಿನ ಪೆಟಗ್ಯಾಗ ಐತಿ. ಮೂರು ತಿಂಗಳ ಮಟ್ಟಿಗಿ ಕೊಡ್ರಿ. ಹಂಗ ತಂದ ಮುಟ್ಟಸ್ತೇವಿ.”

ಬಾಗಿಲಲ್ಲಿದ್ದ ಸಾತಪ್ಪ ನೆಲ ನೋಡುತ್ತ, “ಮಗಳು ನರ್ಸ್ ಅದಾಳ್ರಿ, ಅಕೀ ಇಂಥಾವೆಲ್ಲಾ ನಂಬೂದಿಲ್ಲ. ಆದ್ರ ತಲಿ ಬೆಚ್ಚಗಿಡ್ರಿ ಅಂತ ಡಾಕ್ಟರೂ ಹೇಳ್ಯಾರ,” ಎಂದ.

“ಹತ್ತರಗ್ಯಾಗ ನಿಮ್ಮನಿ ಎಲ್ಲಿ ಬರತೈತ್ರಿ, ಆಯಿ?” ರಾಜೇಶ್ವರಿ ಸಹಜವಾಗಿಯೇ ಕೇಳಿದಳು.

“ಕೇರ್ಯಾಗ್ರಿ, ಬುದ್ಧ ವಿಹಾರದ ಬಾಜೂಕ.”

ರಾಜೇಶ್ವರಿ ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದಳು. ಬ್ಲೌಸಿನ ಗಿರಾಕಿಗಳಿಗೆಲ್ಲ ಪಿಂಗಾಣಿ ಕಪ್ಪಿನಲ್ಲಿ ಕೊಡುತ್ತಿದ್ದವಳ ಕೈ ಅವತ್ತು ಪೇಪರ್ ಕಪ್ಪಿನ ಕಟ್ಟಿಗೆ ಹೋಯಿತು. ಸಂಘದ ಕಾರ್ಯಕ್ರಮದಲ್ಲಿ ಉಳಿದಿದ್ದವು, ಖರ್ಚಾಗಲಿ ಎಂದುಕೊಂಡಳು.

“ಭಾಳ ಹಳೇದೈತ್ರಿ ಆಯಿ, ಹರದೀತು. ಜರಾ ರಿಪೇರಿ ಮಾಡಿ, ತೊಳದು ಕೊಡ್ತೇನಿ. ನಾಲ್ಕು ದಿನ ಬಿಟ್ಟು ಬರ್ರಿ.”

ಇಲ್ಲ ಅನ್ನಲು ಬಾಯಿ ಬಂದಿರಲಿಲ್ಲ, ಕೊಡಲು ಮನಸ್ಸು ಬಂದಿರಲಿಲ್ಲ. ಕೂಸಿನ ಬೆವರು, ಎಣ್ಣೆ, ವಾಂತಿ. ಇಂಥ ವಸ್ತು ಮತ್ತೆ ಸಿಗುವುದುಂಟೆ ಎಂದು ತನಗೆ ತಾನೇ ವಕೀಲಿ ಮಾಡಿಕೊಂಡಳು. ನಾಲ್ಕು ಮಧ್ಯಾಹ್ನ ಅಂಗಡಿಯ ಬಾಗಿಲು ಮುಂದೆ ಮಾಡಿಕೊಂಡು ಅದರಂತೆಯೇ ಇನ್ನೊಂದು ಕುಲಾವಿ ಹೊಲಿದಳು. ಹಳೆಯ ಖಣ ಹುಡುಕಿದಳು, ಚಹಾದ ನೀರಿನಲ್ಲಿ ಕುದಿಸಿ ಮಾಸಿದಂತೆ ಮಾಡಿದಳು, ಬಣ್ಣಕ್ಕೆ ಬಣ್ಣ ಹೊಂದಿಸಿ ಒಳಗೆ ಹನ್ನೆರಡು ತುಂಡು ಹಚ್ಚಿದಳು. ಇಷ್ಟು ಶ್ರದ್ಧೆಯಿಂದ ಯಾರೂ ಮೋಸ ಮಾಡಿರಲಿಕ್ಕಿಲ್ಲ.

ಐದನೆಯ ದಿನ ಕೆಂಪವ್ವ ಒಬ್ಬಳೇ ಬಂದಳು. ಕುಲಾವಿಯನ್ನು ಕಣ್ಣಿಗೊತ್ತಿಕೊಂಡಳು. ಹೆಬ್ಬೆರಳಿನಿಂದ ಒಳಮೈಯನ್ನು ಒಂದು ಸುತ್ತು ಸವರಿದಳು, ಮತ್ತೊಂದು ಸುತ್ತು ಸವರಿದಳು. “ಕೂಸಿಗೆ ಬೆಚ್ಚಗ ಆಗತೈತ್ರಿ,” ಎಂದಷ್ಟೇ ಹೇಳಿ ಹೊರಟಳು.

ಆಕೆ ಓಣಿ ತಿರುಗುವ ಮೊದಲೇ ರಾಜೇಶ್ವರಿ ಒಳಗೆ ಹೋಗಿ ನಿಜವಾದ ಕುಲಾವಿಯಿದ್ದ ಕಪಾಟಿಗೆ ಬೀಗ ಹಾಕಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಬಾಳಾಯಿತು ಅವಳದು. ಇನ್‌ಸ್ಟಾಗ್ರಾಮಿನಿಂದ ಫೋಟೊ ತೆಗೆದಳು. ಕುಲಾವಿಗೆ ಏನೋ ಶಕ್ತಿಯಿದೆಯೆಂದು ಅವಳೂ ನಂಬಿದವಳಲ್ಲ. ಆದರೂ ಆ ಕೂಸಿಗೆ ಹೆಚ್ಚುಕಡಿಮೆಯಾದರೆ ತಾನೇ ಕೊಂದಂತೆ ಎಂಬ ಭಯ ಅನ್ನದ ತಟ್ಟೆಯ ಮುಂದೆ ಕೂತಾಗಲೂ ಬಿಡುತ್ತಿರಲಿಲ್ಲ. ಒಂದು ದಿನ ನಿಜವಾದ ಕುಲಾವಿಯನ್ನು ಚೀಲದಲ್ಲಿಟ್ಟುಕೊಂಡು ದವಾಖಾನೆಯ ಗೇಟಿನವರೆಗೂ ಹೋದಳು. ಈಗ ಕೊಟ್ಟರೆ ಅವತ್ತು ಕೊಟ್ಟದ್ದು ಏನೆಂದು ಹೇಳಬೇಕಾಗುತ್ತದಲ್ಲ. ಹಣ್ಣು ಕೊಳ್ಳಲು ಬಂದವಳಂತೆ ಒಂದು ಡಜನ್ ಬಾಳೆಹಣ್ಣು ಹಿಡಿದು ವಾಪಸು ಬಂದಳು.

ಇನ್ನೊಂದು ಪ್ರಶ್ನೆ ಇತ್ತು, ಅದು ಬಂದಾಗಲೆಲ್ಲ ಹೊಲಿಗೆಯ ಯಂತ್ರ ಜೋರಾಗಿ ತುಳಿಯುತ್ತಿದ್ದಳು. ಮೂಡಲಗಿಯ ತವರಿನಿಂದ ಚನ್ನವ್ವ ಚಿಕ್ಕಮ್ಮ ಬಂದು ಮೊಮ್ಮಗುವಿಗೆಂದು ಕೇಳಿದ್ದರೆ? ಆಗಲೂ ನಾಲ್ಕು ದಿನ ಬಿಟ್ಟು ಬಾ ಅನ್ನುತ್ತಿದ್ದೆನೆ? ಉತ್ತರ ಬರುವ ಮೊದಲೇ ದಾರ ಕತ್ತರಿಸಿ ಬೇರೆ ಕೆಲಸಕ್ಕೆ ಏಳುತ್ತಿದ್ದಳು.

ದೀಪಾವಳಿ ಮುಗಿದು ಎಂಟು ದಿನಕ್ಕೆ ಕೆಂಪವ್ವ ಬಂದಳು. ಜೊತೆಗೆ ಆಮ್ರಪಾಲಿ, ಅವಳ ತೋಳಿನಲ್ಲಿ ಕೂಸು. ದುಂಡು ಕೆನ್ನೆ, ಹಾಲು ಕುಡಿದು ತೃಪ್ತಿಯಾದ ಮುಖ, ತಲೆಗೆ ರಾಜೇಶ್ವರಿ ಹೊಲಿದ ಕುಲಾವಿ. ರಾಜೇಶ್ವರಿಗೆ ಅಳುವೇ ಬಂತು. ಮೂರು ತಿಂಗಳ ಭಾರ ಇಳಿದಂತಾಗಿ ಗಡಬಡಿಸಿ ಒಳಗೆ ಹೋಗಿ ಚಹಾಕ್ಕಿಟ್ಟಳು, ತಟ್ಟೆಯಲ್ಲಿ ಮೂವರಿಗೂ ತಂದು ಟೀಪಾಯಿಯ ಮೇಲಿಟ್ಟಳು.

ಕೆಂಪವ್ವ ಸೆರಗಿನ ಗಂಟು ಬಿಚ್ಚಿ ನೀಲಿ ಸೀರೆಯ ತುಂಡೊಂದನ್ನು ತೆಗೆದಳು. “ನಮ್ಮನಿ ತುಂಡು ಹಚ್ಚೂದ ಐತ್ರಿ. ಸೂಜಿ ದಾರ ಕೊಡ್ರಿ.”

ರಾಜೇಶ್ವರಿ ಸೂಜಿ ಕೊಟ್ಟು, ಕೂಸಿನ ಗದ್ದದ ಕೆಳಗಿನ ಗಂಟು ಬಿಚ್ಚಲು ಹೋದಳು.

“ಅದಕ್ಕಲ್ರಿ,” ಎಂದಳು ಕೆಂಪವ್ವ. “ಕಪಾಟಿನ್ಯಾಗ ಐತೆಲ್ಲ, ಅದಕ್ಕ.”

ರಾಜೇಶ್ವರಿಯ ಕೈ ಗಂಟಿನ ಮೇಲೆಯೇ ನಿಂತಿತು. ಆಮ್ರಪಾಲಿ ಅವಳನ್ನೇ ನೋಡುತ್ತಿದ್ದಳು, ಕಣ್ಣು ತಪ್ಪಿಸಲಿಲ್ಲ.

“ಮದ್ಲನೇ ದಿನಾನ ಗೊತ್ತಾತ್ರಿ. ಹಸರ ತುಂಡು ನಾ ಹಚ್ಚಿದ್ದು. ನಾ ಎಡಚಿ, ನನ್ನ ಹೊಲಿಗಿ ಎಡಕ್ಕ ವಾಲತೈತಿ. ಹನ್ನೆರಡು ಮನಿ ಹೆಣ್ಮಕ್ಕಳದು ಹನ್ನೆರಡು ಕೈ ಇದ್ದೂ ಅದರಾಗ. ನೀವು ಕೊಟ್ಟದ್ರಾಗ ಎಲ್ಲಾ ಒಂದ ಕೈ.” ಕೆಂಪವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. “ಆದ್ರ ಹೊಲದ ಕೈ ಛಲೋ ಇತ್ತು. ಕೂಸಿಗೆ ಹಾಕಿದ್ವಿ.”

ರಾಜೇಶ್ವರಿ ಕಪಾಟು ತೆರೆದಳು. ಆಮ್ರಪಾಲಿ ಕೂಸನ್ನು ಅಜ್ಜಿಗೆ ಕೊಟ್ಟು, ನೆಲದ ಮೇಲೆ ಕೂತು, ಹಳೆಯ ಕುಲಾವಿಯಲ್ಲಿ ನೀಲಿ ತುಂಡು ಹಚ್ಚಿದಳು.

“ತಗೊಂಡ ಹೋಗ್ರಿ ಆಯಿ,” ಎಂದಳು ರಾಜೇಶ್ವರಿ. “ನಂದು ತಪ್ಪಾತು.”

“ಒಯ್ತೇವ್ರಿ. ಮಮದಾಪುರದಾಗ ಒಬ್ರು ಕೇಳ್ಯಾರ. ಖರೆ, ಒಂದ ಹೇಳ್ರಿ ಅಕ್ಕಾರ. ಕುಲಾವಿ ಮ್ಯಾಲಿನ ಆಸೇಕ ಕೊಡಲಿಲ್ಲೋ, ಕೇಳಾಕ ಬಂದವರು ನಾವು ಅಂತ ಕೊಡಲಿಲ್ಲೋ?”

ಆಸೆಗೆ ಎಂದು ಹೇಳಲು ರಾಜೇಶ್ವರಿ ಬಾಯಿ ತೆರೆದಳು. ಹಾಗೆ ಹೇಳಿದ್ದರೆ ಮುದುಕಿ ಒಪ್ಪಿಕೊಳ್ಳುತ್ತಿದ್ದಳೋ ಏನೋ. ಆದರೆ ಕಣ್ಣು ಟೀಪಾಯಿಯ ಮೇಲಿನ ಚಹಾದ ತಟ್ಟೆಗೆ ಬಿತ್ತು. ಅವರಿಬ್ಬರಿಗೆ ತಂದದ್ದು ಪೇಪರ್ ಕಪ್ಪು. ತನಗೆ ತಂದುಕೊಂಡದ್ದು ಪಿಂಗಾಣಿ. ಖುಷಿಯಲ್ಲಿ, ಕಣ್ಣೀರಿನಲ್ಲಿ, ಮೈಮರೆತಾಗಲೂ ಕೈ ಮರೆತಿರಲಿಲ್ಲ. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ನೀವು ಅಂತ, ಆಯಿ.”

ಕೆಂಪವ್ವ ನಿಧಾನ ತಲೆಯಾಡಿಸಿದಳು. “ನನಗ ಗೊತ್ತಿತ್ರಿ. ನಿಮಗ ಗೊತ್ತೈತೋ ಇಲ್ಲೋ, ಅಷ್ಟ ಗೊತ್ತಿರಲಿಲ್ಲ.”

ಕೂಸಿನ ತಲೆಯಿಂದ ಹೊಸ ಕುಲಾವಿ ಬಿಚ್ಚಿ, ಮಡಚಿ ತಟ್ಟೆಯ ಪಕ್ಕದಲ್ಲಿಟ್ಟಳು. ಹಳೆಯದನ್ನು ಕೂಸಿಗೆ ಕಟ್ಟಿ ಎದ್ದಳು. “ಅದು ನಿಮ್ಮ ಕೈದು. ನೀವ ಇಟಗೋರಿ.”

ಈಗ ಎರಡನೆಯ ಸಾಲಿನ ಮೂಲೆಯಲ್ಲಿರುವುದು ಅದೇ. ಯಾರಾದರೂ ಬೆರಳು ಮಾಡಿ ಕೇಳಿದರೆ, “ಅದು ಹಳೇದಲ್ರಿ, ನಾನ ಹೊಲದದ್ದು,” ಎನ್ನುತ್ತಾಳೆ. ಯಾಕೆ ಹೊಲಿದಿರಿ ಎಂದು ಮುಂದೆ ಕೇಳುವವರು ಕಡಿಮೆ. ಕೇಳಿದರೆ ಹೇಳಬೇಕೆಂದು ಪ್ರತಿಸಲ ಅಂದುಕೊಳ್ಳುತ್ತಾಳೆ, ಇನ್ನೂ ಯಾರಿಗೂ ಹೇಳಿಲ್ಲ. ಪೇಪರ್ ಕಪ್ಪಿನ ಕಟ್ಟನ್ನು ಅವತ್ತೇ ಎಸೆದಳು. ಎಸೆದದ್ದು ಅವರಿಬ್ಬರೂ ಹೋದ ಮೇಲೆ. ಅವರ ಚಹಾ ಮುಟ್ಟದೆ ಹಾಗೇ ಉಳಿದಿತ್ತು.