ನಾಲ್ಕು ಅಗುಳಿನ ಪಾರ್ಸಲ್

ನನ್ನ ಸೋದರಮಾವ ಬಸವಲಿಂಗಪ್ಪ ಉಂಡ ತಟ್ಟೆಗೂ ಉಣ್ಣುವ ಮೊದಲಿನ ತಟ್ಟೆಗೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಬೆಂಗಳೂರಿನ ಒಂದು ಹೋಟೆಲಿನಲ್ಲಿ ಮೇಜು ಒರೆಸುವವನು ಅವರ ತಟ್ಟೆಯನ್ನು ತೊಳೆದ ತಟ್ಟೆಗಳ ಸಾಲಿಗೆ ಸೇರಿಸಿಬಿಟ್ಟಿದ್ದ. ಹೀಗೆ ಎರಡು ಸಲ ನಡೆಯಿತೆಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಡೈರಿ ತೆಗೆದು ನೋಡಿದರೆ ಒಂದೇ ಸಲ.

ನಮ್ಮೂರು ಹಾಲ್ಕುರಿಕೆಯ ಹಿರಿಯರಲ್ಲಿ ಇದೇನು ವಿಶೇಷವಲ್ಲ. ತಟ್ಟೆಗೆ ಬಿದ್ದದ್ದು ಪ್ರಸಾದ, ಅಗುಳೂ ಬಿಡಬಾರದು. ಕೊನೆಗೆ ತಟ್ಟೆಗೆ ಅರ್ಧ ಲೋಟ ನೀರು ಹಾಕಿ, ಬೆರಳಿನಿಂದ ಸುತ್ತ ಆಡಿಸಿ, ಎತ್ತಿ ಕುಡಿಯಬೇಕು. "ಬಡಿಸ್ಕಳಕ್ ಮುಂಚೆ ಬ್ಯಾಡ ಅನ್ನಕ್ಕೆ ಬಾಯಿ ಇರ್ತದೆ ಕಣವ್ವ. ಬಡಿಸ್ಕಂಡ ಮ್ಯಾಲೆ ಆ ಬಾಯಿ ಇರಾದು ಉಣ್ಣಕ್ಕೆ ಮಾತ್ರ" ಎನ್ನುತ್ತಿದ್ದರು ಮಾವ.

ಕಷ್ಟವೇನೆಂದರೆ, ಮಾವನಿಗೆ ಹೋಟೆಲೆಂದರೆ ಪ್ರಾಣ. ಕಣ್ಣು ತೋರಿಸಲು ಎರಡು ತಿಂಗಳಿಗೊಮ್ಮೆ ಬೆಂಗಳೂರಿಗೆ ಬರುತ್ತಿದ್ದರು. ನಾನು ಅಲ್ಲಿ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಆಸ್ಪತ್ರೆಯ ಚೀಟಿಯ ಹಿಂಬದಿಯಲ್ಲಿ ಆ ಸಲ ತಿನ್ನಬೇಕಾದ್ದರ ಪಟ್ಟಿ ಇರುತ್ತಿತ್ತು. ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಲೆಂದು ವರ್ಷವಿಡೀ ತಾಳ್ಮೆಯಿಂದ ಕಾಯುವ ಮನುಷ್ಯ, ಮಸಾಲೆ ದೋಸೆ ಹತ್ತು ನಿಮಿಷ ತಡವಾದರೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ನಿಂತು ತಿನ್ನುವ ಹೋಟೆಲುಗಳಲ್ಲಿ ತಟ್ಟೆ ಹಿಡಿದು ಹೊರಗೆ ಮೆಟ್ಟಿಲ ಮೇಲೆ ಕೂರುತ್ತಿದ್ದರು. "ನಿಂತ್ಕಂಡ್ ಮೇಯಾದು ಎತ್ತು."

ಮನೆಗೆ ಪಾರ್ಸಲ್ ತರಿಸಿದರೆ ಕೆಲಸ ಹೆಚ್ಚು. ಸಾಂಬಾರಿನ ಡಬ್ಬಿ, ಚಟ್ನಿಯ ಡಬ್ಬಿ, ಅವುಗಳ ಮುಚ್ಚಳ, ಎಲ್ಲಕ್ಕೂ ಒಂದೊಂದು ಗುಟುಕು ನೀರು. ಪಿಜ್ಜಾ ತರಿಸಿದ ದಿನ ಮಾತ್ರ ಬಹಳ ಹೊತ್ತು ಡಬ್ಬಿಯನ್ನೇ ನೋಡಿದರು. "ರಟ್ಟು ಕಣವ್ವ. ಇದುನ್ನ ಎಂಗೆ ತೊಳ್ಯಾದು?" ಎಂದು ಕೇಳಿ, ಕೊನೆಗೆ ಡಬ್ಬಿಯನ್ನು ಓರೆ ಮಾಡಿ ಮೂಲೆಗೆ ಕುಟ್ಟಿ, ಉದುರಿದ್ದನ್ನು ತಿಂದರು. ಪ್ಲಾಸ್ಟಿಕ್ ಡಬ್ಬಿಗಳು ಅವರ ಜೊತೆ ಊರಿಗೆ ಹೋಗುತ್ತಿದ್ದವು. ಅವರ ಮನೆಯ ಅಟ್ಟದಲ್ಲಿ ಕೊಬ್ಬರಿಯ ಪಕ್ಕದಲ್ಲೇ, ಬೆಂಗಳೂರಿನ ಆರೇಳು ಹೋಟೆಲುಗಳ ಹೆಸರು ಹೊತ್ತ ಡಬ್ಬಿಗಳಲ್ಲಿ ಅವರೆ, ಅಲಸಂದೆ ಬೀಜಗಳಿದ್ದವು.

ನನಗೆ ಮೂವತ್ತೊಂದಾಗಿತ್ತು. ಬೆಂಗಳೂರಿನ ಒಂದು ಸಂಬಂಧ ಬಂತು. ಹುಡುಗನ ಮನೆಯವರು ದೊಡ್ಡ ಹೋಟೆಲಿನಲ್ಲಿ ಊಟಕ್ಕೆ ಕರೆದರು. ಅಪ್ಪ ಇಲ್ಲದ್ದರಿಂದ ನಮ್ಮ ಕಡೆಯ ಹಿರಿಯರು ಮಾವನೇ. ಹೋಗುವಾಗ ಆಟೋದಲ್ಲಿ ಹೇಳಿದೆ: "ಮಾವ, ಇವತ್ತೊಂದಿನ ತಟ್ಟೆಗೆ ನೀರು ಹಾಕಿ ಕುಡೀಬೇಡಿ. ಬೆರಳಲ್ಲಿ ಬಳೀಲೂ ಬೇಡಿ. ಸ್ಪೂನಲ್ಲಿ ತಿನ್ನಿ."

ಮಾವ ತಲೆಯಾಡಿಸಿದರು. "ಆಗ್ಲಿ ಬುಡವ್ವ."

ಸ್ಪೂನಿನಲ್ಲೇ ಉಂಡರು. ಸ್ಪೂನಿಗೆ ಸಿಗದ ನಾಲ್ಕು ಅಗುಳು ಮತ್ತು ಅಂಚಿನ ಕುರ್ಮಾ ತಟ್ಟೆಯಲ್ಲಿ ಉಳಿಯಿತು. ಹುಡುಗನ ತಾಯಿ ಅರ್ಧ ಪಲಾವ್ ಹಾಗೇ ಬಿಟ್ಟು ಕೈ ಒರೆಸಿಕೊಂಡರು. ಮಾಣಿ ತಟ್ಟೆ ಎತ್ತಲು ಬಂದ. ಮಾವ ತಟ್ಟೆ ಬಿಡಲಿಲ್ಲ.

"ಇದುನ್ನ ಪಾರ್ಸಲ್ ಕಟ್ಟಪ್ಪ" ಎಂದರು.

ಮಾಣಿ ತಟ್ಟೆ ನೋಡಿದ, ಮಾವನನ್ನು ನೋಡಿದ, "ಇಷ್ಟೇನಾ ಸರ್?" ಎಂದ.

"ಇರಾದ್ ಅಷ್ಟೇ ಅಲ್ವೇನಪ್ಪ."

ಐದು ನಿಮಿಷಕ್ಕೆ ಹಿಡಿಕೆ ಇರುವ ದಪ್ಪ ಕಾಗದದ ಚೀಲ ಬಂತು. ಒಳಗೆ ಡಬ್ಬಿ, ಟಿಶ್ಯೂ, ಮರದ ಚಮಚ. ಹುಡುಗನ ತಾಯಿ ಮೆಲ್ಲಗೆ, "ನಾಯಿಗಾ?" ಎಂದು ಕೇಳಿದರು.

"ಇಲ್ಲ ತಾಯಿ, ನನಗೇಯ."

ವಾಪಸ್ ಬರುವಾಗ ಆಟೋದಲ್ಲಿ ಬಾಟಲಿಯ ನೀರನ್ನು ಡಬ್ಬಿಗೆ ಹಾಕಿ, ಬೆರಳಾಡಿಸಿ ಕುಡಿದರು. "ನಿನ್ ಮಾತ್ನೂ ಉಳಿಸ್ದೆ, ಅಲ್ವೇನವ್ವ?" ಎಂದರು.

ಆ ಸಂಬಂಧ ಮುರಿಯಿತು. ಮಾವನ ಪಾರ್ಸಲಿನಿಂದ ಮುರಿಯಿತು ಎಂದು ಅಮ್ಮನಿಗೆ ಹೇಳಿದೆ. ಅಮ್ಮ ತನ್ನ ಅಣ್ಣನಿಗೇ, ಅಂದರೆ ಮಾವನಿಗೇ, ಹೇಳಿದಳು. ಎಷ್ಟೋ ವರ್ಷ ನಾನೂ ಅದನ್ನೇ ನಂಬಿದ್ದೆ. ಆಮೇಲೊಮ್ಮೆ ಹಳೆಯ ಡೈರಿ ಸಿಕ್ಕಿತು. ಊಟದ ಮರುದಿನದ ಪುಟದಲ್ಲಿ ನನ್ನದೇ ಅಕ್ಷರ: "ಕೆಲಸ ಬಿಡಬೇಕಂತೆ. ಆಗಲ್ಲ ಅಂದೆ." ಮಾವನ ಹೆಸರು ಆ ಪುಟದಲ್ಲಿಲ್ಲ.

ಅಷ್ಟರಲ್ಲಿ ಮಾವ ಹೋಟೆಲ್ ಬಿಟ್ಟಾಗಿತ್ತು. ಬೆಂಗಳೂರಿಗೆ ಬರುವಾಗ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡೇ ಬರುತ್ತಿದ್ದರು. ನಾನು ಕರೆದರೆ, "ಬ್ಯಾಡ ಕಣವ್ವ, ಇದೆಯಲ್ಲ" ಎಂದು ಗಂಟು ತೋರಿಸುತ್ತಿದ್ದರು. ಡೈರಿಯ ವಿಷಯ ಹೇಳಬೇಕೆಂದು ಪ್ರತಿ ಸಲ ಅಂದುಕೊಳ್ಳುತ್ತಿದ್ದೆ. ಪ್ರತಿ ಸಲ ರೊಟ್ಟಿ ಮುಗಿಯುತ್ತಿತ್ತು, ಬಸ್ಸಿಗೆ ಹೊತ್ತಾಗುತ್ತಿತ್ತು.

ಕೊನೆಗೆ ಹೇಳಿದ್ದು ಆಸ್ಪತ್ರೆಯಲ್ಲಿ. ಹೃದಯದ ತೊಂದರೆಯೆಂದು ಬೆಂಗಳೂರಿಗೇ ಕರೆತಂದಿದ್ದರು. ಎರಡು ಇಡ್ಲಿ ಪಾರ್ಸಲ್ ತೆಗೆದುಕೊಂಡು ಹೋಗಿದ್ದೆ.

"ಮಾವ, ಆ ಸಂಬಂಧ ಹೋಗಿದ್ದು ನಿಮ್ಮಿಂದ ಅಲ್ಲ. ನಾನೇ ಬೇಡ ಅಂದಿದ್ದೆ."

"ಗೊತ್ತು ಬುಡು. ಅವತ್ತು ನಿನ್ ತಟ್ಟೆ ನೋಡಿದ್ನಲ್ಲ. ಒಂದ್ ತುತ್ತೂ ಮುಟ್ಟಿರ್ಲಿಲ್ಲ ನೀನು."

"ಮತ್ತೆ ಹೋಟೆಲ್ ಯಾಕೆ ಬಿಟ್ರಿ?"

"ಎಣ್ಣೆ ಬ್ಯಾಡ ಅಂದಿದ್ರು ಡಾಕ್ಟ್ರು."

ಇದು ನಿಜವೋ, ನನ್ನ ಮೇಲಿನ ಕರುಣೆಯೋ, ಇಂದಿಗೂ ಗೊತ್ತಿಲ್ಲ. ಹೃದಯದ ಡಾಕ್ಟರಿಗೆ ತೋರಿಸಿದ್ದು ಅದೇ ಮೊದಲ ಸಲ ಎಂದು ಅತ್ತೆ ಆಮೇಲೆ ಹೇಳಿದರು.

ಮಾವ ಒಂದೂವರೆ ಇಡ್ಲಿ ತಿಂದರು. ಉಳಿದರ್ಧವನ್ನು ಡಬ್ಬಿಯ ಮೂಲೆಯಲ್ಲಿ ಬೇರೆ ಇಟ್ಟು, ಡಬ್ಬಿಯನ್ನು ನನ್ನತ್ತ ತಳ್ಳಿದರು. "ಇದುನ್ನ ಪಾರ್ಸಲ್ ಕಟ್ಟವ್ವ."

"ನಾಯಿಗಾ?" ಎಂದೆ.

ಮಾವ ನಗಲಿಲ್ಲ. "ಇಲ್ಲ ತಾಯಿ, ನಿನಗೇಯ. ಕೂತ್ಕಂಡ್ ತಿನ್ನು."

ಕೂತು ತಿಂದೆ. ನಾಲ್ಕು ದಿನಕ್ಕೆ ಮಾವ ಹೋದರು. ಅವತ್ತು ಇಡ್ಲಿ ತಿಂದ ಮೇಲೆ ಆ ಡಬ್ಬಿಗೆ ನೀರು ಹಾಕಿ, ಬೆರಳಾಡಿಸಿ, ಅವರೆದುರಿಗೇ ಕುಡಿದೆನೆಂದು ನನಗೆ ಸ್ಪಷ್ಟವಾಗಿ ನೆನಪಿದೆ. ಆ ದಿನದ ಡೈರಿಯಲ್ಲಿ "ಡಬ್ಬಿ ತೊಳೆದೆ" ಎಂದಷ್ಟೇ ಇದೆ. ನೀರು ಏನಾಯಿತೆಂದು ಬರೆದಿಲ್ಲ.