ಕೆಂಪು ಗುಂಡಿ ಒತ್ತಿದ ಮಧ್ಯಾಹ್ನ

ಗೆಳೆಯರೇ, ಇದು ಎಂಬತ್ತರ ದಶಕದ ಘಟನೆ. ಅವ್ವ ತೀರಿಕೊಂಡು ಆರು ತಿಂಗಳಾಗಿತ್ತು. ಅವಳು ಹಾಡಿದ್ದ ಒಂದೇ ಒಂದು ಕ್ಯಾಸೆಟ್ಟು ದೇವದುರ್ಗದ ಚಿಕ್ಕವ್ವನ ಹತ್ತಿರವಿತ್ತು. ಅದರ ನಕಲು ಮಾಡುತ್ತೇನೆಂದು ನಾನೇ ಅವಳನ್ನು ಮಾನ್ವಿಯ ನಮ್ಮ ಮನೆಗೆ ಕರೆಸಿದ್ದೆ.

ನಮ್ಮ ಟೇಪ್ ರೆಕಾರ್ಡರಿಗೆ ಪಕ್ಕದ ಮನೆಯಿಂದ ತಂದ ಇನ್ನೊಂದನ್ನು ವೈರಿನಿಂದ ಜೋಡಿಸಿದೆ. "ನೋಡಿ ಮಾಡಪಾ, ಹಾಳಗೀಳ ಆದೀತು," ಎಂದಳು ಚಿಕ್ಕವ್ವ.

"ಏನೂ ಆಗಂಗಿಲ್ಲ ಬಿಡಬೇ," ಎಂದು ಎರಡರ ಗುಂಡಿಗಳನ್ನೂ ಒತ್ತಿದೆ. ಕ್ಯಾಸೆಟ್ಟುಗಳು ತಿರುಗಿದವು, ಹಾಡು ಮಾತ್ರ ಕೇಳಿಸಲಿಲ್ಲ. ಬಗ್ಗಿ ನೋಡಿದರೆ, ರೆಕಾರ್ಡಿಂಗಿನ ಕೆಂಪು ಗುಂಡಿ ಒತ್ತಿದ್ದು ಅವ್ವನ ಕ್ಯಾಸೆಟ್ಟಿದ್ದ ಯಂತ್ರದ್ದು.

ತಕ್ಷಣ ನಿಲ್ಲಿಸಿದೆ. "ಅಳಿಸಿ ಹೋತೇನು?" ಎಂದು ಚಿಕ್ಕವ್ವ ಮೆಲ್ಲಗೆ ಕೇಳಿದಳು. ಟೇಪನ್ನು ಹಿಂದಕ್ಕೆ ಓಡಿಸಿ ಹಾಕಿದೆ. ಬರೀ ಸರಸರ ಸದ್ದು. ಕಣ್ಣು ಮುಚ್ಚಿಕೊಂಡೆ. ಎಷ್ಟೋ ಹೊತ್ತಾಯಿತು ಅನಿಸಿದ ಮೇಲೆ ಅವ್ವ ಕೆಮ್ಮಿದಳು, ಹಾಡು ಶುರು ಮಾಡಿದಳು.

"ಅದಕ್ಕೂ ಮೊದಲ ಏನಿತ್ತಬೇ?" ಎಂದೆ.

"ನಂದ ಮಾತಿತ್ತು. ನಿಮ್ಮವ್ವಗ 'ಹಾಡಕ್ಕಾ, ನಾಚಬ್ಯಾಡ' ಅಂದಿದ್ದೆ. ಹೋದ್ರ ಹೋಗಲಿ ಬಿಡು, ನಾ ಇನ್ನೂ ಅದೀನಲ್ಲ."

ಅದನ್ನೇ ಮತ್ತೊಮ್ಮೆ ಹೇಳು ಎಂದು ಖಾಲಿ ಕ್ಯಾಸೆಟ್ಟು ಹಾಕಿ ಅವಳ ಮುಂದೆ ಮೈಕು ಹಿಡಿದೆ. ಚಿಕ್ಕವ್ವ ಗಂಟಲು ಸರಿಮಾಡಿಕೊಂಡು, "ಈ ಹುಡುಗನ ಕೈಯಾಗ ಏನೂ ಕೊಡಬ್ಯಾಡ್ರಿ," ಎಂದಳು.

ನಾನು ಸರಿಯಾಗಿ ಮಾಡಿದ ಮೊದಲ ರೆಕಾರ್ಡಿಂಗ್ ಅದು.